ಕ್ಯಾಪಿಬಾರಾ ಹಂದಿಯ ಜಾತಿಯೇ?

ಪ್ರಶ್ನೆ: ಕ್ಯಾಪಿಬಾರಾದ ವೈಜ್ಞಾನಿಕ ಹೆಸರಿಗೇ ‘ನೀರುಹಂದಿ’ ಎಂಬ ಅರ್ಥ ಇದೆಯಂತೆ. ಅಂದಮೇಲೆ ಅದು ಹಂದಿಯ ಜಾತಿಯೇ ಅಲ್ಲವೇ?

ಉತ್ತರ: ಅಲ್ಲ, ಅಲ್ಲ, ಅಲ್ಲ. ತಲೆಯ ಮೇಲೆ ಹಣ್ಣಿಟ್ಟುಕೊಂಡು ಬಿಸಿನೀರಲ್ಲಿ ಕೂತ ರೀಲ್ಸ್ ಹರಿದಾಡಲು ಶುರುವಾದಾಗಿನಿಂದ ಈ ಪ್ರಶ್ನೆಗೆ ಬಿಡುವೇ ಇಲ್ಲ. ಕ್ಯಾಪಿಬಾರಾ ದಂಶಕ, ಅಂದರೆ ಇಲಿ, ಅಳಿಲುಗಳ ಬಳಗದ್ದು. ನೆಲೆ ದಕ್ಷಿಣ ಅಮೆರಿಕ. ಇಂದು ಬದುಕಿರುವ ದಂಶಕಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಬೆಳೆದದ್ದು ಸಾಮಾನ್ಯವಾಗಿ 35ರಿಂದ 66 ಕಿಲೋ ತೂಗುತ್ತದೆ. ಹತ್ತಿರದ ನೆಂಟ ಬೇಕೆಂದರೆ ಗಿನಿಪಿಗ್. ಅದರ ಹೆಸರಲ್ಲೂ ಹಂದಿ ಇದೆ ಎಂದು ದಯವಿಟ್ಟು ಇನ್ನೊಂದು ಪ್ರಶ್ನೆ ಕಳಿಸಬೇಡಿ.

ಹೆಸರಿನ ಗೋಜಲು ಹೀಗೆ. ಗ್ರೀಕ್ ಮೂಲದ ‘ಹೈಡ್ರೋಕೀರಸ್’ ಪದಕ್ಕೆ ನೀರುಹಂದಿ ಎಂಬ ಅರ್ಥವೇನೋ ನಿಜ. ಫ್ರೆಂಚ್ ಪ್ರಾಣಿವಿಜ್ಞಾನಿ ಬ್ರಿಸ್ಸನ್ 1762ರಲ್ಲಿ ಈ ಕುಲನಾಮ, ಅಂದರೆ ವೈಜ್ಞಾನಿಕ ಹೆಸರಿನ ಮೊದಲ ಭಾಗ, ಕೊಟ್ಟ. 1766ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇದನ್ನು ನೇರವಾಗಿ ಹಂದಿಯ ಕುಲಕ್ಕೇ ಸೇರಿಸಿ ‘ಸುಸ್ ಹೈಡ್ರೋಕೇರಿಸ್’ ಎಂದು ಬರೆದ. ಆಮೇಲೆ ಪ್ರಾಣಿಯನ್ನು ಹಂದಿಯ ಕುಲದಿಂದ ಹೊರಗೆ ತಂದರು, ಹೆಸರನ್ನು ಮಾತ್ರ ಹಾಗೇ ಬಿಟ್ಟರು. ಪ್ರಾಣಿಗಳಿಗೆ ಹೆಸರಿಡುವ ನಿಯಮದಲ್ಲಿ ಮೊದಲು ಇಟ್ಟ ಹೆಸರಿಗೆ ಮನ್ನಣೆ; ಅದರ ಅರ್ಥ ಪ್ರಾಣಿಗೆ ಒಪ್ಪುತ್ತದೋ ಇಲ್ಲವೋ ಯಾರೂ ಕೇಳುವುದಿಲ್ಲ. ‘ಹೈಡ್ರೋಕೀರಸ್ ಹೈಡ್ರೋಕೇರಿಸ್’ ಎಂಬ ಈಗಿನ ಹೆಸರಿನ ಎರಡು ಭಾಗಗಳ ಕಾಗುಣಿತ ಒಂದಕ್ಕೊಂದು ಹೊಂದದಿರುವುದಕ್ಕೂ ಕಾರಣ ಇದೇ. ಒಬ್ಬನು ಬರೆದಂತೆ ಇನ್ನೊಬ್ಬನು ಬರೆಯಲಿಲ್ಲ. ಅಚ್ಚಿನ ತಪ್ಪೆಂದು ತಿದ್ದಲು ಹೋಗಬೇಡಿ.

ಅಷ್ಟಕ್ಕೂ ಕನ್ನಡದವರಿಗೆ ಈ ಅನುಮಾನ ಬರಲೇಬಾರದು. ನಮ್ಮ ಮುಳ್ಳುಹಂದಿ ಹಂದಿಯೇ? ಅದೂ ದಂಶಕ. ಚಿಪ್ಪುಹಂದಿ ಇರುವೆ, ಗೆದ್ದಲು ತಿಂದು ಬದುಕುವ ಬೇರೆಯೇ ಬಳಗದ ಪ್ರಾಣಿ. ಕಡಲಹಂದಿ ಎಂದು ಕರಾವಳಿಯಲ್ಲಿ ಕರೆಯುವುದು ಡಾಲ್ಫಿನ್ನನ್ನು. ದುಂಡಗೆ ಮೈ ತುಂಬಿಕೊಂಡದ್ದಕ್ಕೆಲ್ಲ ಹಂದಿ ಎನ್ನುವ ಚಾಳಿ ಲಿನೇಯಸ್‌ಗೆ ಮಾತ್ರ ಇದ್ದದ್ದಲ್ಲ.

ಹೆಸರು ಬದಿಗಿಟ್ಟು ಬಾಯಿ ತೆರೆದು ನೋಡಿ. ಹಂದಿಗೆ 44 ಹಲ್ಲು, ಕ್ಯಾಪಿಬಾರಾಕ್ಕೆ 20. ಹಂದಿಗೆ ಕೋರೆಹಲ್ಲಿದೆ, ಇದಕ್ಕೆ ಆ ಜಾಗ ಖಾಲಿ, ಮುಂದೆ ಉಳಿಯಂಥ ಬಾಚಿಹಲ್ಲು. ಮೇಲ್ದವಡೆಯ ಕೊನೆಯ ದವಡೆಹಲ್ಲಂತೂ ಅದರ ಮುಂದಿನ ಮೂರನ್ನು ಸೇರಿಸಿದಷ್ಟು ಉದ್ದ. ಹಲ್ಲುಗಳೆಲ್ಲ ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ, ಒರಟು ಹುಲ್ಲು ಅರೆದರೆ ಮಾತ್ರ ಸವೆಯುತ್ತವೆ. ಕಾಲು ನೋಡಿ: ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು, ನಡುವೆ ಅರೆಬರೆ ಜಾಲಪೊರೆ. ದಪ್ಪ ಉಗುರು ದೂರದಿಂದ ಗೊರಸಿನಂತೆ ಕಾಣುವುದರಿಂದ ಜನ ಏಮಾರುತ್ತಾರೆ. ಹಂದಿಗೆ ನಾಲ್ಕೂ ಕಾಲಿನಲ್ಲಿ ಸೀಳುಗೊರಸು.

ಹಂದಿ ಎಂದೇ ನಂಬಿ ಹಂದಿಯ ಮೇವು ಹಾಕಿದರೆ ಏನಾಗುತ್ತದೆ? ಹಂದಿಯ ಮೈ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕ್ಯಾಪಿಬಾರಾಕ್ಕೆ, ಗಿನಿಪಿಗ್‌ನಂತೆಯೇ, ಅದು ಆಗದು. ದಿನಕ್ಕೆ ಸುಮಾರು ಮೂರು ಕಿಲೋ ಹುಲ್ಲು ತಿನ್ನುವ ಕಾಡಿನ ಕ್ಯಾಪಿಬಾರಾಕ್ಕೆ ಹಸಿರಿನಿಂದಲೇ ವಿಟಮಿನ್ ಸಿಗುತ್ತದೆ. ಕೂಡಿಹಾಕಿ ಬರೀ ಹಿಂಡಿ, ಧಾನ್ಯ ಕೊಟ್ಟರೆ ಸ್ಕರ್ವಿ ಬರುತ್ತದೆ: ಒಸಡು ಊದುತ್ತದೆ, ಗಾಯ ಬೇಗ ಮಾಯುವುದಿಲ್ಲ. ಅರೆಯಲು ನಾರಿಲ್ಲದೆ ಹಲ್ಲೂ ಅಡ್ಡಾದಿಡ್ಡಿ ಬೆಳೆಯುತ್ತದೆ. ಇನ್ನು, ಹುಲ್ಲಿನ ಸಾರ ಒಂದೇ ಸಲಕ್ಕೆ ದಕ್ಕುವುದಿಲ್ಲವಾದ್ದರಿಂದ ತನ್ನದೇ ಮೆತ್ತನೆಯ ಹಿಕ್ಕೆಯನ್ನು ಇದು ಮತ್ತೆ ತಿನ್ನುತ್ತದೆ. ಅದು ರೋಗವಲ್ಲ, ಜೀರ್ಣಕ್ರಿಯೆಯ ಎರಡನೇ ಸುತ್ತು.

ಈ ವಿಷಯದಲ್ಲಿ ಯುರೋಪಿನ ಪಂಡಿತರಿಗಿಂತ ದಕ್ಷಿಣ ಅಮೆರಿಕದ ಮೂಲನಿವಾಸಿಗಳಾದ ತುಪಿ ಜನರೇ ವಾಸಿ. ಕ್ಯಾಪಿಬಾರಾ ಎಂಬುದು ಅವರ ಭಾಷೆಯಿಂದ ಬಂದದ್ದು, ಅರ್ಥ ಹೆಚ್ಚುಕಡಿಮೆ ‘ಸಣ್ಣೆಲೆ ತಿನ್ನುವುದು’. ಬ್ರೆಜಿಲಿನಲ್ಲಿ ಅದೇ ‘ಕಪಿವಾರಾ’ ಆಗಿದೆ. ನಮ್ಮ ಕಪಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಅರ್ಜೆಂಟೀನಾದಲ್ಲಿ ಕಾರ್ಪಿಂಚೊ, ವೆನಿಜುವೆಲಾದಲ್ಲಿ ಚಿಗ್ವಿರೆ.

ವೆನಿಜುವೆಲಾ ಎಂದೊಡನೆ ಯಾರೂ ಕೇಳದ ಇನ್ನೊಂದು ವಿಷಯ. ಹಂದಿಯಾದದ್ದು ಸಾಲದೆಂಬಂತೆ ಅಲ್ಲಿ ಇದು ಮೀನೂ ಆಗಿದೆ! ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಕ್ಯಾಥೊಲಿಕರಿಗೆ ಮಾಂಸ ವರ್ಜ್ಯವಾದ ದಿನಗಳಿವೆ, ಮೀನಿಗೆ ಅಡ್ಡಿಯಿಲ್ಲ. ಚಿಗ್ವಿರೆ ನೀರಲ್ಲಿ ಬಾಳುವ ಪ್ರಾಣಿಯೆಂದು ಮೀನಿನ ಸಾಲಿಗೆ ಸೇರಿಸಿಕೊಂಡು ತಿನ್ನುವುದು ಅಲ್ಲಿ ಹಳೆಯ ರೂಢಿ. ಮಾಂಸಕ್ಕೆ ಉಪ್ಪು ಹಚ್ಚಿ ಬಿಸಿಲಲ್ಲಿ ಒಣಗಿಸುತ್ತಾರೆ. ಬೇಕಾದಾಗ ನೆನೆಹಾಕಿ ಉಪ್ಪು ಬಿಡಿಸಿ, ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ಈರುಳ್ಳಿ ಬೆಳ್ಳುಳ್ಳಿಯೊಡನೆ ಹುರಿಯುತ್ತಾರೆ. ಈ ಅಡುಗೆಗೆ ಪಿಸಿಯೊ ಎಂದು ಹೆಸರು. ನಿಜವಾದ ಮೀನಿನಲ್ಲೂ ಅದನ್ನು ಮಾಡುವುದುಂಟು.