ಹೆಂಗಸರ ಕೂದಲು ಉದುರುವಿಕೆ: ಮೂರು ತಿಂಗಳು ಹಿಂದಕ್ಕೆ ನೋಡಬೇಕು

ಬಾಚಣಿಗೆಗೆ ಸುತ್ತಿಕೊಂಡು ಬಂದ ಕೂದಲಿನಿಂದ ಒಂದೆಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದರೆ, ಅದರ ಒಂದು ತುದಿಯಲ್ಲಿ ರವೆಕಾಳಿನಷ್ಟೂ ಇಲ್ಲದ ಬಿಳಿಯ ಗಂಟು ಕಾಣಿಸುತ್ತದೆ. ‘ಬೇರು ಸಮೇತ ಕಿತ್ತು ಬರುತ್ತಿದೆ’ ಎಂದು ಹೆಚ್ಚಿನವರು ಗಾಬರಿಯಾಗುವುದು ಇದನ್ನು ಕಂಡೇ. ಬೆಳವಣಿಗೆ ಮುಗಿಸಿದ ಕೂದಲಿನ ಬುಡ ಗಟ್ಟಿಯಾಗಿ ಆ ಗಂಟು ಮೂಡಿರುತ್ತದೆ, ಅಷ್ಟೇ. ಕೂದಲನ್ನು ಹುಟ್ಟಿಸುವ ರೋಮಕೂಪವು ನೆತ್ತಿಯ ಚರ್ಮದೊಳಗೇ ಉಳಿದಿರುತ್ತದೆ ಮತ್ತು ಸಾಮಾನ್ಯವಾಗಿ ಹೊಸ ಕೂದಲಿನ ಕೆಲಸವನ್ನು ಆಗಲೇ ಶುರು ಮಾಡಿರುತ್ತದೆ.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ 2ರಿಂದ 6 ವರ್ಷ ಬೆಳೆದು, ಕೆಲವು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಈ ಚಕ್ರದ ಸಹಜ ಲೆಕ್ಕ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ, ಅಂದರೆ ಡೆಂಗಿ, ಟೈಫಾಯ್ಡ್ ಅಥವಾ ಕೋವಿಡ್‌ನಂಥ ಜ್ವರ ಬಂದಾಗ, ಶಸ್ತ್ರಚಿಕಿತ್ಸೆಯಾದಾಗ, ಊಟ ಬಿಟ್ಟು ಅವಸರದಲ್ಲಿ ತೂಕ ಇಳಿಸಿದಾಗ, ಬೆಳೆಯುತ್ತಿದ್ದ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಸರಿಯುತ್ತವೆ. ಅವು ಉದುರುವುದು ಎರಡು ಮೂರು ತಿಂಗಳ ಬಳಿಕ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ. ಹಾಗಾಗಿ ಆಪಾದನೆಯೆಲ್ಲ ಹೋದ ವಾರ ಬದಲಿಸಿದ ಶಾಂಪೂವಿನ ಮೇಲೆ, ಬಾಡಿಗೆ ಮನೆಯ ಬೋರ್‌ವೆಲ್ ನೀರಿನ ಮೇಲೆ ಬೀಳುತ್ತದೆ. ಗಡಸು ನೀರು ಕೂದಲನ್ನು ಒರಟಾಗಿಸಬಹುದು. ಆದರೆ ಬುಡದಲ್ಲಿ ಬಿಳಿ ಗಂಟಿರುವ ಕೂದಲು ರಾಶಿಯಾಗಿ ಉದುರುತ್ತಿದ್ದರೆ ಕಾರಣವನ್ನು ಹುಡುಕಬೇಕಾದದ್ದು ಮೂರು ತಿಂಗಳ ಹಿಂದಿನ ದಿನಗಳಲ್ಲಿ.

ಬಾಣಂತಿಯರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಗರ್ಭಿಣಿಯಾಗಿದ್ದಾಗ ಏರಿದ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನ್ ಕೂದಲನ್ನು ಉದುರಗೊಡದೆ ಬೆಳವಣಿಗೆಯಲ್ಲೇ ಹಿಡಿದಿಟ್ಟಿರುತ್ತದೆ. ಹೆರಿಗೆಯಾದ ಮೇಲೆ ಅದು ಇಳಿದು, ಮಗುವಿಗೆ ಮೂರು ನಾಲ್ಕು ತಿಂಗಳಾಗುವ ಹೊತ್ತಿಗೆ ತಡೆದು ನಿಂತಿದ್ದ ಕೂದಲೆಲ್ಲ ಒಮ್ಮೆಲೇ ಉದುರುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ತಾನಾಗಿಯೇ ಸರಿಹೋಗುವ ಈ ಸ್ಥಿತಿಗೆ ದುಬಾರಿ ಚಿಕಿತ್ಸೆಯ ಅಗತ್ಯವಿಲ್ಲ. ನಿದ್ದೆಗೆಟ್ಟ ತಾಯಿಗೆ ಈ ಒಂದು ಮಾತನ್ನು ಮೊದಲೇ ಹೇಳಿದ್ದರೆ ಎಷ್ಟೋ ಅಳು ತಪ್ಪುತ್ತದೆ. ಹೆರಿಗೆ ವಾರ್ಡಿನಲ್ಲೇ ಇದನ್ನು ಹೇಳಿ ಕಳುಹಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಉದುರುವುದು ಆರು ತಿಂಗಳಾದರೂ ನಿಲ್ಲದಿದ್ದರೆ ರಕ್ತಪರೀಕ್ಷೆ ಬೇಕು. ಮುಖ್ಯವಾಗಿ ನೋಡಬೇಕಾದವು ಥೈರಾಯ್ಡ್ ಮತ್ತು ಕಬ್ಬಿಣಾಂಶ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದಾದ್ದರಿಂದ ಆ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು. ಕೂದಲಿಗೆಂದು ಎಲ್ಲೆಡೆ ಜಾಹೀರಾತಾಗುವ ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆಗಳ ಬಗ್ಗೆ ಇಲ್ಲೇ ಎಚ್ಚರಿಸಬೇಕು. ಸಾಮಾನ್ಯ ಊಟ ಮಾಡುವವರಲ್ಲಿ ಬಯೋಟಿನ್ ಕೊರತೆ ಬಹಳ ಅಪರೂಪ. ಮೇಲಾಗಿ, ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಇಂಥ ತಪ್ಪು ಫಲಿತಾಂಶಗಳ ಬಗ್ಗೆ ಎಚ್ಚರಿಕೆ ನೀಡಿದೆ. ಕಾಯಿಲೆ ಹುಡುಕಲು ಹೋದವರನ್ನು ದಾರಿ ತಪ್ಪಿಸುವ ಮಾತ್ರೆಗೆ ದುಡ್ಡು ಸುರಿಯುವುದು ಬೇಡ.

ಇದೆಲ್ಲಕ್ಕಿಂತ ಬೇರೆಯದು ಸದ್ದಿಲ್ಲದೆ ಬರುವ ತೆಳುವಾಗುವಿಕೆ. ಕೂದಲು ರಾಶಿ ರಾಶಿಯಾಗಿ ಉದುರದಿದ್ದರೂ ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ, ಜಡೆ ಸಣ್ಣದಾಗುತ್ತದೆ, ಹಣೆಯಂಚಿನ ಕೂದಲು ಮಾತ್ರ ಹಾಗೇ ಇರುತ್ತದೆ. ಇದರ ಹಂತಗಳನ್ನು 1977ರಲ್ಲಿ ಲುಡ್ವಿಗ್ ಎಂಬ ವೈದ್ಯ ಗುರುತಿಸಿದ್ದು, ಇಂದಿಗೂ ಚರ್ಮವೈದ್ಯರು ಅದನ್ನೇ ಬಳಸುತ್ತಾರೆ. ಇಲ್ಲಿ ರೋಮಕೂಪಗಳೇ ಕುಗ್ಗುತ್ತಾ ಹೋಗಿ, ಪ್ರತಿ ಚಕ್ರದಲ್ಲೂ ಮೊದಲಿಗಿಂತ ನವಿರಾದ, ಗಿಡ್ಡವಾದ ಕೂದಲನ್ನು ಹುಟ್ಟಿಸುತ್ತವೆ. ಜೊತೆಗೆ ಮುಟ್ಟಿನ ಏರುಪೇರು, ಗಲ್ಲದ ಮೇಲೆ ಕೂದಲು, ಮೊಡವೆ ಇದ್ದರೆ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರಿನ ತೊಂದರೆ) ಇದೆಯೇ ಎಂದು ನೋಡಿಸಬೇಕು.

ಈ ತೆಳುವಾಗುವಿಕೆಗೆ ಸಾಕಷ್ಟು ಪುರಾವೆಯಿರುವ ಔಷಧವೆಂದರೆ ಮಿನಾಕ್ಸಿಡಿಲ್. ರಕ್ತದೊತ್ತಡಕ್ಕೆಂದು ಕೊಟ್ಟ ಈ ಮಾತ್ರೆಯಿಂದ ರೋಗಿಗಳ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡ ಮೇಲೆ ಅದನ್ನು ನೆತ್ತಿಗೆ ಹಚ್ಚುವ ದ್ರಾವಣವಾಗಿ ತಯಾರಿಸಲಾಯಿತು; ಹೆಂಗಸರಿಗೆ ಶೇ. 2ರ ದ್ರಾವಣಕ್ಕೆ ಅಮೆರಿಕದಲ್ಲಿ 1991ರಲ್ಲಿ ಒಪ್ಪಿಗೆ ಸಿಕ್ಕಿತು. ಇದನ್ನು ಹಚ್ಚಲು ಶುರುಮಾಡಿದ ಮೊದಲ ಕೆಲವು ವಾರಗಳಲ್ಲಿ ಕೂದಲು ಇನ್ನೂ ಹೆಚ್ಚು ಉದುರಬಹುದು. ವಿಶ್ರಾಂತಿಯಲ್ಲಿದ್ದ ಹಳೆಯ ಕೂದಲನ್ನು ಹೊಸದು ತಳ್ಳುವುದರಿಂದ ಹೀಗಾಗುತ್ತದೆ. ಬಹಳಷ್ಟು ಹೆಂಗಸರು ಔಷಧ ಬಿಡುವುದು ಸರಿಯಾಗಿ ಈ ಹಂತದಲ್ಲೇ! ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್. ಹೀಗಿರುವಾಗ ನಾಲ್ಕರಿಂದ ಆರು ತಿಂಗಳು ಹಚ್ಚದೆ ಫಲ ಸಿಕ್ಕಿತೋ ಇಲ್ಲವೋ ಎಂದು ತೀರ್ಮಾನಿಸಲಾಗದು. ಬಿಟ್ಟರೆ ಲಾಭವೂ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಗರ್ಭಿಣಿಯರು ಮತ್ತು ಹಾಲೂಡಿಸುವವರು ಇದನ್ನು ಬಳಸಬಾರದು. ಪುರುಷ ಹಾರ್ಮೋನಿನ ಪರಿಣಾಮ ತಗ್ಗಿಸುವ ಸ್ಪೈರನೊಲ್ಯಾಕ್ಟೋನ್‌ನಂಥ ನುಂಗುವ ಮಾತ್ರೆಗಳನ್ನು ವೈದ್ಯರ ನಿಗಾ ಇಲ್ಲದೆ ಮುಟ್ಟಲೇಬಾರದು.

ಔಷಧ ಕೆಲಸ ಮಾಡುವವರೆಗಿನ ತಿಂಗಳುಗಳನ್ನೂ ಕಳೆಯಬೇಕಲ್ಲ. ಬೈತಲೆಯ ಜಾಗ ಬದಲಿಸುವುದು, ಕೂದಲನ್ನು ಸ್ವಲ್ಪ ಗಿಡ್ಡ ಮಾಡಿಸುವುದು, ನೆತ್ತಿ ಕಾಣದಂತೆ ಉದುರಿಸಿಕೊಳ್ಳುವ ಬಣ್ಣದ ಪುಡಿ, ವಿಗ್ ಇವು ಯಾವುವೂ ನಾಚಿಕೆಯ ವಿಷಯಗಳಲ್ಲ. ಕೂದಲು ತೆಳುವಾದ ಹೆಂಗಸರು ಮದುವೆ-ಮುಂಜಿಗೆ ಹೋಗುವುದನ್ನೇ ಬಿಡುವುದುಂಟು. ‘ಕೂದಲು ತಾನೇ, ಬಿಡು’ ಎನ್ನುವ ಮನೆಯವರ ಮಾತು ಆ ನೋವಿಗೆ ಸಮಾಧಾನವಾಗದು. ತೆಳು ಕೂದಲನ್ನು ಬಿಗಿಯಾಗಿ ಎಳೆದು ಜಡೆ ಹಾಕಿ ಭಾರದ ಹೂದಂಡೆ ಮುಡಿಯುವುದನ್ನು ಮಾತ್ರ ಕೈಬಿಡಬೇಕು. ವರ್ಷಗಟ್ಟಲೆ ಎಳೆತ ಮುಂದುವರಿದರೆ ಕಿವಿಯ ಮುಂದೆ ಮತ್ತು ಹಣೆಯಂಚಿನಲ್ಲಿ ಕೂದಲು ಶಾಶ್ವತವಾಗಿ ಹೋಗುತ್ತದೆ.

ಕೆಲವು ಸಂದರ್ಭಗಳಲ್ಲಿ ಕಾಯುವುದೇ ತಪ್ಪು. ನಾಣ್ಯದಗಲದಷ್ಟು ಜಾಗ ಇದ್ದಕ್ಕಿದ್ದಂತೆ ಬೋಳಾದರೆ, ನೆತ್ತಿಯಲ್ಲಿ ಉರಿ, ನೋವು, ಹಕ್ಕಳೆ ಇದ್ದರೆ, ಹಣೆಯಂಚು ಹಿಂದೆ ಸರಿಯುತ್ತಾ ಹುಬ್ಬಿನ ಕೂದಲೂ ಉದುರುತ್ತಿದ್ದರೆ, ಬೋಳಾದ ಜಾಗ ನುಣುಪಾಗಿ ಹೊಳೆಯುತ್ತಿದ್ದರೆ ಆ ವಾರವೇ ಚರ್ಮವೈದ್ಯರನ್ನು ಕಾಣಬೇಕು. ಕಲೆ ಉಳಿಸುವ ಬಗೆಯ ಕಾಯಿಲೆಗಳಲ್ಲಿ ಉರಿಯೂತವು ರೋಮಕೂಪವನ್ನೇ ನಾಶಮಾಡುತ್ತದೆ. ಅಲ್ಲಿ ಚಿಕಿತ್ಸೆಯಿಂದ ಮಾಡಬಹುದಾದದ್ದು ಉಳಿದಿರುವ ಕೂದಲನ್ನು ಕಾಪಾಡುವುದಷ್ಟೇ.