ಆಕಾಶ ಅರಿಯಲು ಕೋಲಾರದ ಪಾತಾಳಕ್ಕೆ ಇಳಿದವರು

ವಿಶ್ವಕಿರಣಗಳನ್ನು ಮನುಷ್ಯ ಮೊದಲು ಹುಡುಕಿಕೊಂಡು ಹೋದದ್ದು ಮೇಲಕ್ಕೆ. 1912ರಲ್ಲಿ ಆಸ್ಟ್ರಿಯಾದ ವಿಕ್ಟರ್ ಹೆಸ್ ಬಲೂನಿನಲ್ಲಿ 5,000 ಮೀಟರಿಗೂ ಎತ್ತರಕ್ಕೆ ಏರಿದರು. ಏರಿದಷ್ಟೂ ವಿಕಿರಣ ಹೆಚ್ಚುತ್ತಿತ್ತು. ಅದರ ಮೂಲ ನೆಲದಲ್ಲಿಲ್ಲ, ಬಾಹ್ಯಾಕಾಶದಲ್ಲಿದೆ ಎಂಬುದು ಹಾಗೆ ಗೊತ್ತಾಯಿತು. ಇದೇ ವಿಜ್ಞಾನ ಅರ್ಧ ಶತಮಾನದ ಬಳಿಕ ಕೋಲಾರದ ಚಿನ್ನದ ಗಣಿಯಲ್ಲಿ ನೆಲದಿಂದ 2.3 ಕಿ.ಮೀ. ಕೆಳಕ್ಕೆ ಇಳಿಯಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳನ್ನು ಪತ್ತೆಹಚ್ಚಿದ ಸಂಗತಿಯನ್ನು ಜಗತ್ತಿಗೆ ಮೊದಲು ಪ್ರಕಟಿಸಿದ್ದು ಅಲ್ಲಿನ ತಂಡವೇ. ಕೆಜಿಎಫ್ ಎಂದರೆ ಚಿನ್ನ ಎನ್ನುವ ನಮ್ಮಲ್ಲಿ ಇದನ್ನು ಬಲ್ಲವರು ತೀರ ಕಡಿಮೆ.

ಅಷ್ಟು ಆಳಕ್ಕೆ ಏಕೆ ಇಳಿಯಬೇಕು? ಬಾಹ್ಯಾಕಾಶದಿಂದ ಬರುವ ಪ್ರೋಟಾನುಗಳು ಗಾಳಿಯ ಪರಮಾಣುಗಳಿಗೆ ಬಡಿದಾಗ ಹೊಸ ಕಣಗಳ ಮಳೆಯೇ ಹುಟ್ಟುತ್ತದೆ. ಅವುಗಳಲ್ಲಿ ಎಲೆಕ್ಟ್ರಾನಿನ ಬಗೆಯವೇ ಆದರೂ ಅದಕ್ಕಿಂತ ಭಾರವಾದ ಮ್ಯೂಆನ್‌ಗಳು ನೆಲದವರೆಗೂ ಬರುತ್ತವೆ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ. ಅಂಗೈ ಚಾಚಿದರೆ ಈ ಕ್ಷಣದಲ್ಲೂ ಅದನ್ನು ಹಾದುಹೋಗುತ್ತಿರುತ್ತವೆ. ಜೊತೆಗೆ ಹುಟ್ಟುವ ನ್ಯೂಟ್ರಿನೊಗಳೂ ಇವೆ. ಆದರೆ ಅವು ವಸ್ತುವಿನೊಡನೆ ವ್ಯವಹರಿಸುವುದೇ ಅಪರೂಪ, ಇಡೀ ಭೂಮಿಯನ್ನೇ ತೂರಿ ಆಚೆ ಹೋಗಬಲ್ಲವು. ಮ್ಯೂಆನ್‌ಗಳ ಗದ್ದಲದಲ್ಲಿ ಅವುಗಳ ಸುಳಿವು ಸಿಗುವುದಿಲ್ಲ. ಆ ಗದ್ದಲವನ್ನು ಸೋಸುವ ಜರಡಿಯಾಗಿ ಕಿಲೋಮೀಟರುಗಟ್ಟಲೆ ದಪ್ಪದ ಬಂಡೆ ಬೇಕು.

ಅಂಥ ಬಂಡೆ ಕೋಲಾರದಲ್ಲಿತ್ತು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅದರ ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು, ಒತ್ತಡ ತಾಳದೆ ಬಂಡೆ ಸಿಡಿದು ಕಾರ್ಮಿಕರು ಸಾಯುತ್ತಿದ್ದರು. ಆ ಆಳವನ್ನು ತೋಡಿದ್ದು ಭೌತವಿಜ್ಞಾನಿಗಳಲ್ಲ. ತಲೆಮಾರುಗಳ ಕಾಲ ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ತಮಿಳು ಮಾತನಾಡುವ ದಲಿತರು. ಈ ಚರಿತ್ರೆ ಬರೆಯುವಾಗ ಅವರನ್ನು ಬಿಟ್ಟರೆ ಅನ್ಯಾಯವಾಗುತ್ತದೆ.

ಗಣಿಗೆ ಉಪಕರಣ ಇಳಿಸುವ ಕೆಲಸ 1950ರ ದಶಕದ ಆರಂಭದಲ್ಲಿ ಶುರುವಾಯಿತು. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದ ಬಿ.ವಿ. ಶ್ರೀಕಂಠನ್ ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್‌ಗಳನ್ನು ಎಣಿಸಿದರು. ನಂಜನಗೂಡಿನ ಕಡೆಯವರಾದ ಅವರು ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. 1960ರ ದಶಕದ ಮೊದಲಲ್ಲಿ ಭಾರತ-ಜಪಾನ್ ತಂಡವೊಂದು 2,760 ಮೀಟರ್ ಆಳದವರೆಗೂ ಅಳೆಯಿತು. ಅಲ್ಲಿ ತಿಂಗಳುಗಟ್ಟಲೆ ಕಾದರೂ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ. ಬೇರೆ ಪ್ರಯೋಗವಾಗಿದ್ದರೆ ಅದು ಸೋಲು. ನ್ಯೂಟ್ರಿನೊ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ.

ಟಾಟಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ಜಪಾನಿನ ಒಸಾಕಾದ ಸಬುರೊ ಮಿಯಾಕೆ, ಇಂಗ್ಲೆಂಡಿನ ಡರ್ಹಮ್‌ನ ಆರ್ನಾಲ್ಡ್ ವುಲ್ಫೆಂಡೇಲ್ ಮತ್ತು ಅವರ ಸಂಗಡಿಗರು ಮೂರು ದೇಶಗಳಿಂದ ಕೂಡಿಕೊಂಡರು. 2.3 ಕಿ.ಮೀ. ಆಳದಲ್ಲಿ ಉಪಕರಣಗಳನ್ನು ಗೋಡೆಯಂತೆ ಲಂಬವಾಗಿ ನಿಲ್ಲಿಸಿದರು. ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾಗುವುದು ಈ ಜಾಣ್ಮೆಯೇ. ಅಷ್ಟು ಕೆಳಗೂ ಇಳಿಯಬಲ್ಲ ಕೆಲವೇ ಮ್ಯೂಆನ್‌ಗಳು ಹೆಚ್ಚುಕಡಿಮೆ ನೇರ ಮೇಲಿನಿಂದಲೇ ಬರಬೇಕು. ಅಡ್ಡಡ್ಡ ಬರಬೇಕಾದರೆ ಹಲವು ಪಟ್ಟು ಹೆಚ್ಚು ಬಂಡೆ ದಾಟಬೇಕು, ಅದು ಅವುಗಳಿಂದಾಗದು. ಹಾಗಾಗಿ ಅಡ್ಡಲಾಗಿಯೋ ಕೆಳಗಿನಿಂದಲೋ ಬಂದ ಕಣ ಕಂಡರೆ, ಅದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಬಡಿದು ಹುಟ್ಟಿದ್ದೆಂದೇ ತಿಳಿಯಬೇಕು.

1965ರಲ್ಲಿ ಅಂಥ ಕಣಗಳು ಕಂಡವು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇದೇ ಬೇಟೆಯಲ್ಲಿತ್ತು. ಅವರಿಗೆ ಮೊದಲ ಕಣ ಸಿಕ್ಕಿದ್ದು ಆ ವರ್ಷದ ಫೆಬ್ರುವರಿಯಲ್ಲಿ, ಕೋಲಾರಕ್ಕಿಂತ ಮುಂಚೆ. ಆದರೆ ಕೋಲಾರದ ಪ್ರಬಂಧ ಆಗಸ್ಟ್ 15ರಂದು ಪ್ರಕಟವಾಯಿತು, ರೈನ್ಸ್ ಅವರದು ಎರಡು ವಾರ ತಡವಾಗಿ ಬಂತು. ಯಾರು ಮೊದಲು ಎಂದು ಜಗಳವಾಡುವ ಅಗತ್ಯವಿಲ್ಲ, ಇಬ್ಬರಿಗೂ ಪಾಲಿದೆ.

ಬಳಿಕ 1980ರಲ್ಲಿ ಅದೇ ಗಣಿಯಲ್ಲಿ ಇನ್ನೂ ದೊಡ್ಡ ಪ್ರಶ್ನೆಗೆ ಕೈ ಹಾಕಿದರು. ಪ್ರೋಟಾನ್ ಶಾಶ್ವತವೇ? ಆಗಿನ ಸಿದ್ಧಾಂತಗಳು ಅದರ ಆಯಸ್ಸನ್ನು ಒಂದರ ಮುಂದೆ ಸುಮಾರು 31 ಸೊನ್ನೆ ಬರೆದಷ್ಟು ವರ್ಷ ಎನ್ನುತ್ತಿದ್ದವು. ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಒಂದು ಪ್ರೋಟಾನ್ ಸಾಯುವುದನ್ನು ಕಾಯುವಂತಿಲ್ಲ, ಅಪಾರ ಸಂಖ್ಯೆಯ ಪ್ರೋಟಾನುಗಳನ್ನು ಒಟ್ಟಿಗೆ ಕಾಯಬಹುದು. ಅದಕ್ಕಾಗಿ 140 ಟನ್ ಕಬ್ಬಿಣವನ್ನು ಕೆಳಗಿಳಿಸಿ, ಪದರಗಳ ನಡುವೆ ಎಣಿಕೆಯ ಕೊಳವೆಗಳನ್ನು ಜೋಡಿಸಿದರು. ಇದಕ್ಕೆಂದೇ ಕಟ್ಟಿದ ಪ್ರಯೋಗಗಳಲ್ಲಿ ಇದು ಜಗತ್ತಿನ ಮೊದಲಿನದು. ಪ್ರೋಟಾನ್ ಕ್ಷಯವೆನಿಸುವ ಕೆಲವು ಘಟನೆಗಳನ್ನು ತಂಡ ವರದಿ ಮಾಡಿತಾದರೂ ಬೇರೆಡೆಯ ದೊಡ್ಡ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ.

1983ರಲ್ಲಿ ಜಪಾನಿನ ಕಮಿಯೋಕಾ ಗಣಿಯಲ್ಲೂ ಪ್ರೋಟಾನ್ ಕ್ಷಯಕ್ಕಾಗಿಯೇ ನೀರಿನ ಬೃಹತ್ ತೊಟ್ಟಿ ಸಿದ್ಧವಾಯಿತು. ಕ್ಷಯ ಅಲ್ಲೂ ಸಿಗಲಿಲ್ಲ. ಆದರೆ 1987ರಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು ಸಿಕ್ಕವು. ಅದರ ಮುಂದಿನ, ಹಿಗ್ಗಿದ ರೂಪ ಸೂಪರ್-ಕಮಿಯೊಕಾಂಡೆ. ವಾತಾವರಣದ ನ್ಯೂಟ್ರಿನೊಗಳು, ಅಂದರೆ ಕೋಲಾರದಲ್ಲಿ ಹಿಡಿದ ಬಗೆಯವೇ, ಹಾದಿಯಲ್ಲಿ ತಮ್ಮ ಬಗೆಯನ್ನು ಬದಲಿಸಿಕೊಳ್ಳುತ್ತವೆ ಎಂದು 1998ರಲ್ಲಿ ಅದು ತೋರಿಸಿತು. ಹಾಗೆ ಬದಲಾಗಬೇಕಾದರೆ ಅವುಗಳಿಗೆ ದ್ರವ್ಯರಾಶಿ ಇರಲೇಬೇಕು. ಆ ಶೋಧದ ತಕಾಕಿ ಕಜಿಟ 2015ರ ನೊಬೆಲ್ ಹಂಚಿಕೊಂಡರು.

ಆ ಹೊತ್ತಿಗೆ ಕೋಲಾರದ ಪ್ರಯೋಗಾಲಯ ಇರಲೇ ಇಲ್ಲ. ಅದಿರಿನಲ್ಲಿ ಚಿನ್ನದ ಅಂಶ ಕುಸಿದು ಖರ್ಚು ಏರಿದಂತೆ ಆಳದ ಸುರಂಗಗಳು ಮುಚ್ಚತೊಡಗಿದವು. 1990ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಮೇಲೆ ಬಂದರು, 2001ರಲ್ಲಿ ಗಣಿಯೇ ನಿಂತಿತು. ಪಂಪುಗಳು ನಿಂತ ಮೇಲೆ ನೀರು ತುಂಬಿತು. ಗಣಿಯ ನಷ್ಟ ನಿಜ. ಆದರೆ ಆ ಲೆಕ್ಕದಲ್ಲಿ ಚಿನ್ನದ ಬೆಲೆಯಷ್ಟೇ ಬಂತು, ನಾಲ್ಕು ದಶಕಗಳ ವಿಜ್ಞಾನಕ್ಕೆ ಬೆಲೆ ಕಟ್ಟಲಿಲ್ಲ ಎಂಬ ಬೇಸರ ನನಗಿದೆ. ಎರಡು ಹಂತಗಳನ್ನಾದರೂ ಒಣಗಿಸಿ ಉಳಿಸಿಕೊಳ್ಳಬೇಕಿತ್ತು.

ಆ ಜಾಗ ತುಂಬಲು ಯೋಜಿಸಿದ್ದು ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯ. ನೀಲಗಿರಿಯ ಸಿಂಗಾರ ಬಳಿ ಆನೆ, ಹುಲಿಗಳ ನೆಲೆ ಎಂಬ ಕಾರಣಕ್ಕೆ 2009ರಲ್ಲಿ ಅನುಮತಿ ಸಿಗಲಿಲ್ಲ, ಆ ಆಕ್ಷೇಪ ಸರಿಯಾದದ್ದೇ. ನಂತರ ತಮಿಳುನಾಡಿನದೇ ತೇಣಿ ಜಿಲ್ಲೆಯ ಪೊಟ್ಟಿಪುರಂ ಬೆಟ್ಟ ಆರಿಸಿ, 2015ರಲ್ಲಿ ಸುಮಾರು 1,500 ಕೋಟಿ ರೂಪಾಯಿಗೆ ಕೇಂದ್ರ ಸಂಪುಟ ಒಪ್ಪಿತು. ಅಲ್ಲೂ ಜನರ ವಿರೋಧ, ನ್ಯಾಯಾಲಯ, ರಾಜ್ಯ ಸರ್ಕಾರದ ತಕರಾರುಗಳಲ್ಲಿ ಯೋಜನೆ ಸಿಲುಕಿತು. ಈ ನಡುವೆ 2017ರಲ್ಲಿ ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ ಸಣ್ಣ ಭೂಗತ ಪ್ರಯೋಗಾಲಯವೊಂದು ಶುರುವಾಯಿತು. ಅದರ ಆಳ 555 ಮೀಟರ್, ಕೋಲಾರದಲ್ಲಿ ನಮಗಿದ್ದ ಆಳದ ಕಾಲುಭಾಗ.