ಪವರ್ ಕೇಬಲ್ ಮತ್ತು ಆ ಗುಂಯ್ ಸದ್ದು

ಹಾಡು ಕೇಳುತ್ತಿರುವಾಗ ಥಟ್ಟನೆ ಕರೆಂಟ್ ಹೋಯಿತು ಅಂದುಕೊಳ್ಳಿ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಕೆಲವು ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಆಗ ಒಂದು ಸೋಜಿಗ ನಡೆಯುತ್ತದೆ. ಕೋಣೆಯ ದೀಪ ಆರಿದರೂ ಹಾಡು ತಕ್ಷಣ ನಿಲ್ಲುವುದಿಲ್ಲ. ಒಂದೆರಡು ಕ್ಷಣ ಮುಂದುವರಿದು, ದನಿ ಒಡೆದು, ಆಮೇಲೆ ಅಡಗುತ್ತದೆ. ಗೋಡೆಯಿಂದ ಏನೂ ಬರುತ್ತಿಲ್ಲ, ಆದರೂ ಹಾಡು ಬರುತ್ತಿದೆ, ಅಲ್ವಾ? ಪವರ್ ಕೇಬಲ್ ಬದಲಿಸಿದರೆ ಸದ್ದು ಬದಲಾಗುತ್ತದೆಯೇ ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಇದೇ.

ಆ ಒಂದೆರಡು ಕ್ಷಣ ಹಾಡಿಸಿದ್ದು ಆಂಪ್ಲಿಫೈಯರ್ ಒಳಗಿನ ಕೆಪಾಸಿಟರ್‌ಗಳು. ಗೋಡೆಯಿಂದ ಬರುವ ಎಸಿ ಕರೆಂಟ್ ಸೆಕೆಂಡಿಗೆ 50 ಸಲ, ಕೆಲವು ದೇಶಗಳಲ್ಲಿ 60 ಸಲ, ಹಿಂದೆ ಮುಂದೆ ತೂಗುತ್ತದೆ. ಟ್ರಾನ್ಸ್‌ಫಾರ್ಮರ್ ಅದರ ವೋಲ್ಟೇಜನ್ನು ಇಳಿಸುತ್ತದೆ. ಡಯೋಡ್‌ಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಕೆಪಾಸಿಟರ್‌ಗಳು ಅದನ್ನು ನೀರಿನ ಟ್ಯಾಂಕಿನ ಹಾಗೆ ತುಂಬಿಟ್ಟುಕೊಳ್ಳುತ್ತವೆ. ಡ್ರಮ್ಮಿನ ಒಂದು ಜೋರು ಏಟು ಬಿದ್ದಾಗ ಸ್ಪೀಕರಿಗೆ ಬೇಕಾದ ಕರೆಂಟ್ ಬರುವುದು ಈ ಟ್ಯಾಂಕಿನಿಂದ. ಟ್ಯಾಂಕ್ ಮತ್ತೆ ತುಂಬುವುದು ಎಸಿ ಅಲೆ ತುದಿ ಮುಟ್ಟಿದಾಗ ಮಾತ್ರ. ಒಂದು ತೂಗಾಟಕ್ಕೆ ಎರಡು ತುದಿಯಂತೆ ಸೆಕೆಂಡಿಗೆ 100 ಸಲ, ಪ್ರತಿ ಸಲವೂ ಕೆಲವೇ ಮಿಲಿಸೆಕೆಂಡ್. ಕೇಬಲ್‌ನಲ್ಲಿ ಹರಿಯುವುದು ಹೀಗೆ ತುಂಬಿಸುವ ಕರೆಂಟಿನ ಚಿಕ್ಕ ಚಿಕ್ಕ ಗುಕ್ಕುಗಳು. ಹಾಡಿನ ಏರಿಳಿತ ಅದರಲ್ಲಿ ನೇರವಾಗಿ ಹರಿಯುವುದಿಲ್ಲ.

ಈಗ ಸ್ವಲ್ಪ ಲೆಕ್ಕ. 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.012 ಓಮ್ ರೋಧ, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಇರುತ್ತದೆ. ಒಂದೂವರೆ ಮೀಟರ್ ಕೇಬಲ್ ಅಂದರೆ ಹೋಗಿ ಬರುವ ದಾರಿ ಸೇರಿ 3 ಮೀಟರ್, ಸುಮಾರು 0.036 ಓಮ್. ಗುಕ್ಕಿನ ತುದಿಯಲ್ಲಿ 10 ಆಂಪಿಯರ್ ಹರಿದರೂ ಕೇಬಲ್‌ನಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್‌ಗಿಂತ ಕಡಿಮೆ. ಬೆಳಗ್ಗೆಯಿಂದ ರಾತ್ರಿಯವರೆಗೆ ಗೋಡೆಯ ವೋಲ್ಟೇಜ್ ತಾನಾಗಿಯೇ ಇದಕ್ಕಿಂತ ಜಾಸ್ತಿ ಏರಿಳಿಯುತ್ತಿರುತ್ತದೆ. ಮೇಲಾಗಿ ಆ ಸಾಕೆಟ್ಟಿನ ಹಿಂದೆ ಗೋಡೆಯೊಳಗೆ ಹತ್ತಾರು ಮೀಟರ್ ಸಾಮಾನ್ಯ ತಂತಿಯೇ ಇದೆ. ಕೇಬಲ್ ತೀರಾ ತೆಳುವಾಗಿದ್ದು ಬಿಸಿಯಾಗುತ್ತಿದ್ದರೆ, ಪ್ಲಗ್ ಸಡಿಲವಾಗಿ ಚಟಪಟ ಅನ್ನುತ್ತಿದ್ದರೆ ಖಂಡಿತ ಬದಲಿಸಿ. ಸದ್ದಿಗಿಂತ ಮೊದಲು ಅದು ಸುರಕ್ಷತೆಯ ಮಾತು.

ಆದರೂ ಹೊಸ ಕೇಬಲ್ ಹಾಕಿದಾಗ ಹಾಡು ಚೆನ್ನಾಗಿ ಕೇಳಿಸಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಾಗೆ ಕೇಳಿಸಿರುತ್ತದೆ. ಕೇಬಲ್ ಬದಲಿಸುವಷ್ಟರಲ್ಲಿ ಮೊದಲು ಕೇಳಿದ್ದರ ಸೂಕ್ಷ್ಮ ನೆನಪು ಮಸುಕಾಗುತ್ತದೆ, ಹೊಸದರ ನಿರೀಕ್ಷೆ ಕಿವಿಯ ಜೊತೆ ಸೇರಿಕೊಳ್ಳುತ್ತದೆ. ತಲೆ ಒಂದು ಗೇಣು ಆಚೀಚೆ ಆದರೂ ಕೇಳುವ ಸದ್ದು ಬೇರೆಯಾಗುತ್ತದೆ. ಇದನ್ನು ದಾಟಲು ಒಂದು ದಾರಿ ಇದೆ. 1950ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಮನ್ಸನ್ ಮತ್ತು ಗಾರ್ಡ್‌ನರ್ ವಿವರಿಸಿದ ಎಬಿಎಕ್ಸ್ ಪರೀಕ್ಷೆ ಅದು. ಒಂದು ಕೇಬಲ್ ಎ, ಇನ್ನೊಂದು ಬಿ, ಎಕ್ಸ್ ಅಂದರೆ ಅವೆರಡರಲ್ಲಿ ಗುಟ್ಟಾಗಿ ಹಾಕಿದ ಒಂದು. ಯಾವ ಕೇಬಲ್ ಹಾಕಿದೆ ಎಂದು ನೋಡದೆ, ಕೇಳಿಸಿದ್ದು ಎ ಅಥವಾ ಬಿ ಎಂದು ಹೇಳಬೇಕು. 16 ಸಲ ಕೇಳಿ 12 ಅಥವಾ ಹೆಚ್ಚು ಸಲ ಸರಿ ಹೇಳಿದರೆ, ಅದು ಸುಮ್ನೆ ಊಹೆಯಿಂದ ಆಗಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಸಣ್ಣ ವ್ಯತ್ಯಾಸವನ್ನು ನಂಬುವ ಮೊದಲು ನಾನು ಇಷ್ಟನ್ನಾದರೂ ಕೇಳುತ್ತೇನೆ.

ಹಾಗಾದರೆ ಗೋಡೆಯ ಕರೆಂಟಿನಿಂದ ಸದ್ದು ಕೆಡುವುದೇ ಇಲ್ಲವೇ? ಕೆಡುತ್ತದೆ, ಅದೂ ಚೆನ್ನಾಗಿ ಕೇಳಿಸುವ ಹಾಗೆ. ಆದರೆ ಅದು ಬರುವ ದಾರಿ ಬೇರೆ. ಒಮ್ಮೆ ನಾನು ಲ್ಯಾಪ್‌ಟಾಪನ್ನು ಆಂಪ್ಲಿಫೈಯರಿಗೆ ಜೋಡಿಸಿದ್ದೆ. ಬ್ಯಾಟರಿಯಲ್ಲಿ ಓಡುವಾಗ ಎಲ್ಲ ನಿಶ್ಶಬ್ದ. ಮೂರು ಪಿನ್ನಿನ ಚಾರ್ಜರನ್ನು ಎದುರು ಗೋಡೆಯ ಸಾಕೆಟ್ಟಿಗೆ ಹಾಕಿದೊಡನೆ ಸ್ಪೀಕರ್‌ನಿಂದ ಗುಂಯ್ ಎಂಬ ಸದ್ದು ಶುರುವಾಯಿತು.

ಎರಡೂ ಉಪಕರಣಗಳಿಗೆ ಅರ್ಥಿಂಗ್ ಇತ್ತು. ಎರಡು ಸಾಕೆಟ್‌ಗಳ ಅರ್ಥ್‌ಗಳ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ನಡುವಿನ ಆಡಿಯೋ ಕೇಬಲ್‌ನ ಹೊರಕವಚ ಅವೆರಡನ್ನೂ ಜೋಡಿಸಿ ಒಂದು ಸುತ್ತು ಮಾಡಿಬಿಟ್ಟಿತು. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು. ಆ ಕವಚದ ರೋಧ 0.05 ಓಮ್ ಇದ್ದು, ಅದರಲ್ಲಿ 10 ಮಿಲಿಆಂಪಿಯರ್ ಹರಿದರೆ ಅರ್ಧ ಮಿಲಿವೋಲ್ಟ್ ಹುಟ್ಟುತ್ತದೆ. ಹಾಡಿನ ಸಿಗ್ನಲ್ ಇರುವುದೇ ಸುಮಾರು 300 ಮಿಲಿವೋಲ್ಟ್. ಆಂಪ್ಲಿಫೈಯರ್ ಎರಡನ್ನೂ ಸೇರಿಸಿಯೇ ದೊಡ್ಡದು ಮಾಡುತ್ತದೆ, ಹಾಡು ಮೆಲ್ಲಗಾದಾಗ ಗುಂಯ್ ಎದ್ದು ಕೇಳುತ್ತದೆ.

ನಾನು ಎರಡೂ ಪ್ಲಗ್‌ಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ. ಸದ್ದು ಬಹುಪಾಲು ಅಡಗಿತು. ಪವರ್ ಕೇಬಲ್‌ಗಳ ಪಕ್ಕದಲ್ಲೇ ಮಲಗಿದ್ದ ಆಡಿಯೋ ಕೇಬಲನ್ನು ದೂರ ಸರಿಸಿದ ಮೇಲೆ ಉಳಿದದ್ದೂ ಹೋಯಿತು. ಗುಂಯ್ ನಿಲ್ಲಿಸಲು ಅರ್ಥ್ ಪಿನ್ನನ್ನೇ ಕತ್ತರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಏನಾದರೂ ಕೆಟ್ಟರೆ ಉಪಕರಣದ ಲೋಹದ ಮೈಗೇ ಕರೆಂಟ್ ಬಂದು, ಮುಟ್ಟಿದವರ ಪ್ರಾಣ ಹೋಗಬಹುದು.

ಗುಂಯ್ ಸದ್ದಿನ ಶ್ರುತಿಯನ್ನೂ ಗಮನಿಸಿ. ಗ್ರೌಂಡ್ ಲೂಪ್‌ನದು ಸಾಮಾನ್ಯವಾಗಿ 50 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 50 ಕಂಪನದ, ತಗ್ಗು ದನಿ. ಅದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ, 100 ಹರ್ಟ್ಸ್‌ನಲ್ಲಿ ಕೇಳಿಸುತ್ತಿದ್ದರೆ, ಎಲ್ಲ ಆಡಿಯೋ ಕೇಬಲ್ ಕಿತ್ತರೂ ನಿಲ್ಲದಿದ್ದರೆ, ಒಳಗಿನ ಕೆಪಾಸಿಟರ್‌ಗಳು ಸೊರಗಿರಬಹುದು. ಆಗ ಆಂಪ್ಲಿಫೈಯರನ್ನು ರಿಪೇರಿ ಮಾಡುವವರಿಗೆ ತೋರಿಸಬೇಕು.